ಹುಟ್ಟುವಳಿ

ಭೋಸರಿಯ ತಲಾಠಿ ಕಚೇರಿ, ಎರಡನೇ ಕಿಟಕಿ.
‘ಉತ್ಪನ್ನ ಕಿತಿ?’ ಅಂದರು ಮ್ಯಾಡಮ್, ತಲೆ ಎತ್ತದೆ.
ನಾನು ತುಸು ಹೆಮ್ಮೆಯಿಂದಲೇ ಅಂದೆ: ‘ಅಕರಾ ಹಜಾರ್.’
‘ಮಹಿನ್ಯಾಲಾ?’
‘ಇಲ್ರಿ ಮ್ಯಾಡಮ್, ಒಂದು ಪಾಳಿಗೆ.’

ಪೆನ್ನು ನಿಂತಿತು.
ನನ್ನ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.
ದಿನಕ್ಕೆ ಹನ್ನೊಂದು ಸಾವಿರ ಗಳಿಸುವವಳ ಮಗಳಿಗೆ
ಫೀ ಮಾಫಿ ಯಾಕೆ ಬೇಕು ಎಂದು
ಅವರ ಕನ್ನಡಕ ನನ್ನ ಚಪ್ಪಲಿಯನ್ನು ಕೇಳಿತು.

ಅವರು ಕೇಳಿದ್ದು ರೂಪಾಯಿ.
ನಾನು ಹೇಳಿದ್ದು ವಾಶರು.

ನಮ್ಮ ಕಡೆ ಉತ್ಪನ್ನ ಅಂದರೆ ಕೈಬಿಟ್ಟು ಹೋದದ್ದು,
ಇಲ್ಲಿ, ಕೈಗೆ ಬಂದದ್ದು.
ಅವೇ ಮೂರು ಅಕ್ಷರ.
ಹದಿಮೂರು ವರ್ಷ ಈ ಊರಲ್ಲಿ ದುಡಿದೂ
ನನಗೆ ಈ ತೂತು ಕಂಡಿರಲಿಲ್ಲ.

ಶೆಡ್ಡಿನಲ್ಲಿ ನಮಗೆ ಬೇರೆಯೇ ಮಾತು.
ಲಾಂಡಗೆ ಸಾಹೇಬರು ಕರಿಹಲಗೆಯ ಮೇಲೆ
ಪ್ರೊಡಕ್ಷನ್ ಎಂದು ಬರೆದು ಎರಡು ಗೆರೆ ಎಳೆಯುತ್ತಾರೆ.
ಅದರ ಕೆಳಗೆ ನನ್ನ ಹೆಸರಿಲ್ಲ,
ಪ್ರೆಸ್ ನಂಬರ್ ನಾಲ್ಕು ಅಂತ ಇದೆ.
ಐದನೇ ಪ್ರೆಸ್ಸಿನ ಮೈಬೂಬಿಗೆ ಅದು ‘ಪರಡಕ್ಷನ್’.
ಪರಡಕ್ಷನ್ ಬಂತಾ, ಎನ್ನುತ್ತಾಳೆ,
ಅಫಜಲಪುರದ ಬಸ್ಸು ಬಂತಾ ಎನ್ನುವ ಹಾಗೆ.
ಬರಲಿಲ್ಲ ಅಂದರೆ ಬೈಗುಳ.
ನಿಂತಿತು ಅಂದರೆ ಕರೆಂಟು ಹೋಗಿದೆ,
ಚಹಾ, ತಂಬಾಕು, ಯಾರದೋ ಮದುವೆ ಸುದ್ದಿ.
ನನ್ನ ಗಂಡನ ಕಡೆಯವರು ಕೇಳಿದರೆ
‘ಪ್ರೊಡಕ್ಷನ್‌ನಾಗ ಅದೀನಿ’ ಅನ್ನುತ್ತೇನೆ,
ಕಚೇರಿಯಲ್ಲಿ ಕುರ್ಚಿ ಇದ್ದವಳಂತೆ.

ಪ್ರೆಸ್ಸು ಒಮ್ಮೆ ಇಳಿದರೆ ಹುಟ್ಟುವುದು ಎರಡು.
ಒಂದು ಉಂಗುರ, ಡಬ್ಬಿಗೆ.
ಒಂದು ನಡುವಿನ ಬಿಲ್ಲೆ, ಭಂಗಾರಿಗೆ.
ಹಲಗೆ ಉಂಗುರವನ್ನಷ್ಟೇ ಎಣಿಸುತ್ತದೆ.
ಬಿಲ್ಲೆಗಳನ್ನು ನಾನು ಮುಷ್ಟಿಗಟ್ಟಲೆ ಸೆರಗಿಗೆ ಕಟ್ಟಿ ತಂದೆ,
ತ್ರಿವೇಣಿ ನೂರರ ತನಕ ಎಣಿಕೆ ಕಲಿತದ್ದು ಅವುಗಳಲ್ಲಿ.
ಮಗ್ಗಿಯನ್ನೂ.
ಬೆರಳಿಗೆ ಎಣ್ಣೆ ಮೆತ್ತುತ್ತಿತ್ತು, ಅಷ್ಟೆ.

ಇಂಡಿಯ ಸಂತೆಯಲ್ಲಿ ನಿಂಬೆಹಣ್ಣು ಮಾರಿ ಬಂದು
ಅವ್ವ ದೀಪದ ಮುಂದೆ ಗಂಟು ಬಿಚ್ಚಿ ಅನ್ನುತ್ತಿದ್ದಳು:
‘ಇವತ್ತ ಏನೂ ಹುಟ್ಟಲಿಲ್ಲ ನೋಡು.’
ಆ ದುಡ್ಡಿಗೂ ಒಂದು ಬಸಿರು ಇದ್ದಂತೆ,
ಹೆರಿಗೆ ತಡವಾದಂತೆ.
ಸಾಲ ಹುಟ್ಟಲಿಲ್ಲ. ಹೊತ್ತು ಹುಟ್ಟಿತು.
ಸೋಲಾಪುರದ ದವಾಖಾನೆಯಲ್ಲಿ ಹೆಣ್ಣು ಹುಟ್ಟಿತು.
ಎಲ್ಲಕ್ಕೂ ಅವಳಿಗೆ ಒಂದೇ ಕ್ರಿಯಾಪದ,
ಒಂದೇ ದನಿ.
ಭೀಮೆಯ ದೋಣಿಯವನ ಕೈಯಲ್ಲಿದ್ದದ್ದೂ ಹುಟ್ಟು,
ಬೇವಿನ ಕೊಂಬೆಗೆ ಜೋತಿದ್ದದ್ದೂ ಜೇನುಹುಟ್ಟು.
ಮೋಶಿಯ ಸೇತುವೆ ದಾಟುವಾಗ ಇಂದ್ರಾಯಣಿಯ ನೊರೆ ನೋಡಿ
ಇದೇ ನೀರಲ್ಲವೇ ಮುಂದೆ ಭೀಮೆಯಾಗಿ
ನಮ್ಮೂರ ದಂಡೆಗೆ ಹೋಗುವುದು ಅನ್ನಿಸುತ್ತದೆ.
ನಮ್ಮ ಎಣ್ಣೆಯ ಒಂದು ಹನಿಯೂ ಹೋಗುತ್ತಿರಬೇಕು.
ಅದನ್ನು ಯಾವ ಹಲಗೆ ಬರೆದುಕೊಳ್ಳುತ್ತದೋ.

‘ಪಗಾರ್ ಸಾಂಗಾ, ಪಗಾರ್’ ಅಂದರು ಮ್ಯಾಡಮ್.
‘ಮಹಿನ್ಯಾಚಾ.’
ನಾನು ಹೇಳಲು ಹಿಂದೆಮುಂದೆ ನೋಡಿದೆ.
‘ಅದೂ ಅಕರಾ ಹಜಾರ್‌ನೇ ರಿ.’
ಆಗ ಅವರು ಮೊದಲ ಸಲ ಮುಖ ಎತ್ತಿದರು,
ನಕ್ಕರು. ನಾನೂ ನಕ್ಕೆ.
ಮೊದಲು ಬರೆದಿದ್ದನ್ನು ಅಳಿಸುವ ಕೆಲಸ ಬೀಳಲಿಲ್ಲ.

ರಾತ್ರಿ ತ್ರಿವೇಣಿ ಆ ಕಾಗದವನ್ನು
ಟ್ಯೂಬ್‌ಲೈಟಿಗೆ ಹಿಡಿದು ಓದಿದಳು.
‘ಅವ್ವಾ, ಉತ್ಪನ್ನ ಅಂದ್ರ ನೀ ಮಾಡೂದೋ, ನಿನಗ ಬರೂದೋ?’
ಒಲೆಯ ಮೇಲೆ ನುಚ್ಚು ಬುಳಬುಳ ಅನ್ನುತ್ತಿತ್ತು.
‘ತಳ ಹತ್ತತೈತಿ’ ಅಂದೆ,
‘ಆ ಕಟ್ಟಿಗಿ ಹುಟ್ಟು ಕೊಡಿಲ್ಲೆ.’